ಕಟ್ಟಡಗಳ ಬಗ್ಗೆ ಬರೆಯುತ್ತಿದ್ದ ರಸ್ಕಿನ್ ಕೂಲಿಯ ವಿಚಾರಕ್ಕೆ ಬಂದಿದ್ದು ಹೇಗೆ?

ಸಾಗರದವ
ಮನೆ ಕಟ್ಟಿಸುತ್ತಿದ್ದೇನೆ. ಹೋದ ವಾರ ಟೈಲ್ಸ್ ಅಂಗಡಿಗೆ ಹೋಗಿದ್ದೆ. ಗಲ್ಲಾಪೆಟ್ಟಿಗೆಯ ಹಿಂದೆ ಗೋಡೆಗೆ ಒಂದು ಫ್ರೇಮು. ಅದರಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಭಾವ ಇಷ್ಟು: ಜಾಸ್ತಿ ದುಡ್ಡು ಕೊಡುವುದು ದಡ್ಡತನ, ತೀರಾ ಕಡಿಮೆ ಕೊಡುವುದು ಇನ್ನೂ ದೊಡ್ಡ ದಡ್ಡತನ. ಕೆಳಗೆ ಜಾನ್ ರಸ್ಕಿನ್ ಅಂತ ಹೆಸರು. ನಾನು ಚೌಕಾಸಿ ಶುರು ಮಾಡಿದ ಕೂಡಲೇ ಮಾಲೀಕರು ಬಾಯಿ ಬಿಡದೆ ಅದರ ಕಡೆ ಬೆರಳು ತೋರಿಸಿದರು. ಸುಮ್ನೆ ದುಡ್ಡು ಕೊಟ್ಟು ಬಂದೆ.

ಈ ಹೆಸರನ್ನು ಗಾಂಧೀಜಿ ಆತ್ಮಕಥೆಯಲ್ಲಿ ಓದಿದ ನೆನಪು. ಮನೆಗೆ ಬಂದು ನೋಡಿದರೆ ವಿಕ್ಟೋರಿಯಾ ರಾಣಿ ಕಾಲದ ಕಲಾ ವಿಮರ್ಶಕ, ವಾಸ್ತುಶಿಲ್ಪದ ಬಗ್ಗೆ ಬರೆದವನು ಅಂತ ಇದೆ. ಚಿತ್ರ, ಚರ್ಚು, ಕಮಾನು ಅಂತ ಓಡಾಡಿಕೊಂಡಿದ್ದ ಮನುಷ್ಯನಿಗೂ ಗಾಂಧೀಜಿಯ ಬದುಕನ್ನು ತಿರುಗಿಸಿದ ಪುಸ್ತಕಕ್ಕೂ ಏನು ಸಂಬಂಧ? ಇಬ್ಬರೂ ಒಬ್ಬರೇನಾ?

ಉಪ್ಪಿಟ್ಟು ವಿರೋಧಿ
ಮಸೂರಿಯಲ್ಲಿ ಕೂತು ಮಕ್ಕಳ ಕಥೆ ಬರೆಯುವ ಅಜ್ಜ ಅಲ್ವಾ?

ಗಾರೆಗೌರಿ
ಅವರು ರಸ್ಕಿನ್ ಬಾಂಡ್, ಮಾರಾಯ. ಈ ರಸ್ಕಿನ್ 1819ರಲ್ಲಿ ಲಂಡನ್ನಿನಲ್ಲಿ ಹುಟ್ಟಿ 1900ರಲ್ಲಿ ತೀರಿಕೊಂಡವನು.

ಸಾಗರದವರೇ, ಮೊದಲು ನಿಮ್ಮ ದುಡ್ಡಿನ ವಿಷಯ. ನೀವು ಮೋಸ ಹೋದಿರಿ. ಆ ಫ್ರೇಮಿನ ಮಾತು ರಸ್ಕಿನ್ ಬರೆದದ್ದು ಅನ್ನುವುದಕ್ಕೆ ಆಧಾರವೇ ಇಲ್ಲ. ಅವನ ಸಮಗ್ರ ಕೃತಿಗಳು 39 ಸಂಪುಟ ಇವೆ. ಹುಡುಕಿದವರಿಗೆ ಅದರಲ್ಲಿ ಎಲ್ಲೂ ಸಿಕ್ಕಿಲ್ಲ. ಆದರೂ ಲೋಕದ ತುಂಬ ಅಂಗಡಿಗಳಲ್ಲಿ ತೂಗಾಡುತ್ತಿದೆ.

ಇನ್ನು ನಿಮ್ಮ ಪ್ರಶ್ನೆ. ಇಬ್ಬರೂ ಒಬ್ಬನೇ. ಅವನು ಕಲೆ ಬಿಟ್ಟು ಕೂಲಿಯ ಕಡೆ ಹೊರಳಿದ ಅಂತ ಎಲ್ಲರೂ ಬರೆಯುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕಲ್ಲನ್ನು ಹತ್ತಿರದಿಂದ ನೋಡುತ್ತಾ ನೋಡುತ್ತಾ ಅದನ್ನು ಕೆತ್ತಿದವನು ಅವನಿಗೆ ಕಾಣಿಸಿದ. ಅಷ್ಟೇ. ಸಂಜೆ ವಿವರವಾಗಿ ಬರೆಯುತ್ತೇನೆ. ಈಗ ಸೈಟಿನಲ್ಲಿದ್ದೇನೆ, ಸುಣ್ಣದ ಗಾರೆ ಒಣಗುತ್ತಿದೆ.

ಲ್ಯಾಂಕಾಸ್ಟರ್ ಕನ್ನಡಿಗ
ನಾನಿರುವ ಊರಿನ ವಿಶ್ವವಿದ್ಯಾಲಯದಲ್ಲೇ ರಸ್ಕಿನ್‌ನ ಕಾಗದಪತ್ರ, ಚಿತ್ರಗಳ ದೊಡ್ಡ ಸಂಗ್ರಹ ಇದೆ. ಹೆಂಡತಿಯ ಕಾಟಕ್ಕೆ ಒಂದು ಭಾನುವಾರ ಅವನ ಮನೆ ಬ್ರಾಂಟ್‌ವುಡ್ ನೋಡಲು ಹೋಗಿದ್ದೆ. ಕಾನಿಸ್ಟನ್ ಅನ್ನುವ ಸರೋವರದ ದಡದಲ್ಲಿದೆ. 1871ರಲ್ಲಿ ಕಣ್ಣಿಂದ ನೋಡದೆಯೇ 1,500 ಪೌಂಡಿಗೆ ಕೊಂಡುಕೊಂಡ. ಕೊಂಡಾಗ ಸೋರುತ್ತಿತ್ತಂತೆ.

ಗೌರಿ ಮೇಡಂ ಬರುವಷ್ಟರಲ್ಲಿ ಅವನ ಬಾಲ್ಯ ಹೇಳಿಬಿಡುತ್ತೇನೆ. ಅಪ್ಪ ಸ್ಪೇನಿನ ಶೆರ್ರಿ ವೈನ್ ವ್ಯಾಪಾರಿ. ಒಳ್ಳೆ ಶ್ರೀಮಂತ. ಇವನು ಒಬ್ಬನೇ ಮಗ. ಅಮ್ಮ ವಿಪರೀತ ದೈವಭಕ್ತೆ. ದಿನಾ ಬೈಬಲ್ ಓದಿಸಿ, ಅಧ್ಯಾಯಗಟ್ಟಲೆ ಬಾಯಿಪಾಠ ಮಾಡಿಸುತ್ತಿದ್ದಳು. ಆಟಿಕೆ ಅಂದರೆ ಒಂದು ಕೀಲಿಕೈ ಗೊಂಚಲು, ಆಮೇಲೆ ಮರದ ಇಟ್ಟಿಗೆ. ಬೇರೆ ಏನೂ ಇಲ್ಲದ್ದಕ್ಕೆ ರತ್ನಗಂಬಳಿಯ ಚಿತ್ತಾರ, ಎದುರು ಮನೆಯ ಇಟ್ಟಿಗೆಗಳನ್ನು ಗಂಟೆಗಟ್ಟಲೆ ನೋಡುತ್ತಾ ಕೂರುತ್ತಿದ್ದೆ ಅಂತ ಅವನೇ ಬರೆದಿದ್ದಾನೆ. ಬೇಸಿಗೆಯಲ್ಲಿ ಅಪ್ಪ ಆರ್ಡರ್ ಹಿಡಿಯಲು ದೊಡ್ಡ ಬಂಗಲೆಗಳಿಗೆ ಗಾಡಿಯಲ್ಲಿ ಹೋಗುವಾಗ ಮಗನನ್ನೂ ಕರೆದೊಯ್ಯುತ್ತಿದ್ದ. ಬಂಗಲೆಗಳಲ್ಲಿ ಒಳ್ಳೊಳ್ಳೆಯ ಚಿತ್ರಗಳಿರುತ್ತಿದ್ದವು. ವೈನ್ ಮಾರಾಟದ ಜೊತೆಗೆ ಮಗನಿಗೆ ಚಿತ್ರಕಲೆಯ ಪಾಠವೂ ಆಯಿತು.

13ನೇ ಹುಟ್ಟುಹಬ್ಬಕ್ಕೆ ಅಪ್ಪನ ಪಾಲುದಾರರೊಬ್ಬರು ಇಟಲಿಯ ಮೇಲಿನ ಒಂದು ಕವನದ ಪುಸ್ತಕ ಕೊಟ್ಟರು. ಅದರಲ್ಲಿ ಟರ್ನರ್ ಎಂಬ ಚಿತ್ರಕಾರನ ಚಿತ್ರಗಳಿದ್ದವು. ಹುಡುಗನಿಗೆ ಹುಚ್ಚು ಹಿಡಿಯಿತು. ಮುಂದೆ ಟರ್ನರ್‌ನನ್ನು ಪತ್ರಿಕೆಗಳು ಗೇಲಿ ಮಾಡಿದಾಗ ಅವನ ಪರವಾಗಿ ಒಂದು ಉತ್ತರ ಬರೆಯಲು ಕೂತ. ಆ ಉತ್ತರ 'ಮಾಡರ್ನ್ ಪೇಂಟರ್ಸ್' ಆಯಿತು. ಮೊದಲ ಸಂಪುಟ 1843ರಲ್ಲಿ ಬಂದಾಗ ಅವನಿಗೆ 24 ವರ್ಷ. ಮುಗಿದದ್ದು 1860ರಲ್ಲಿ, ಐದನೇ ಸಂಪುಟಕ್ಕೆ. ವಾಚಕರ ವಾಣಿಗೆ ಬರೆಯಲು ಹೊರಟು 17 ವರ್ಷ ಹಿಡಿದ ಹಾಗೆ.

ಉಪ್ಪಿಟ್ಟು ವಿರೋಧಿ
ನಮ್ಮ ಓಣಿಯ ಚರಂಡಿ ಬಗ್ಗೆ ಇವನ ಕೈಲಿ ಒಂದು ಪತ್ರ ಬರೆಸಬೇಕಿತ್ತು.

ಗಾರೆಗೌರಿ
ಬಂದೆ. ಕಾಫಿ ಕುಡಿದು ಬರೆಯುತ್ತಿದ್ದೇನೆ, ಉದ್ದ ಆಗುತ್ತದೆ.

1849ರ ಚಳಿಗಾಲ. ರಸ್ಕಿನ್ ಹೊಸ ಹೆಂಡತಿ ಎಫಿ ಜೊತೆ ವೆನಿಸ್‌ಗೆ ಹೋದ. ಆಗಷ್ಟೇ ಆ ಊರು ದಂಗೆ ಎದ್ದು, ಸೋತು, ಮತ್ತೆ ಆಸ್ಟ್ರಿಯಾದವರ ಕೈಗೆ ಸಿಕ್ಕಿತ್ತು. ಎಫಿ ಆಸ್ಟ್ರಿಯಾದ ಅಧಿಕಾರಿಗಳ ಜೊತೆ ಔತಣ, ನೃತ್ಯ ಅಂತ ಇದ್ದಳು. ಇವನು ಏಣಿ, ಅಳತೆ ಪಟ್ಟಿ, ನೋಟ್‌ಬುಕ್ ಹಿಡಿದು ಕಂಬ ಹತ್ತುತ್ತಿದ್ದ. ಆಗ ಹೊಸದಾಗಿ ಬಂದಿದ್ದ ಡಗೆರೋಟೈಪ್ ಫೋಟೋಗಳನ್ನೂ ಬಳಸಿದ. ಡೋಜ್ ಅರಮನೆಯ ಕಂಬಗಳ ತಲೆಗಳನ್ನು ಒಂದೊಂದಾಗಿ ಬರೆದುಕೊಂಡ. ಡೋಜ್ ಅಂದರೆ ವೆನಿಸ್ ಗಣರಾಜ್ಯದ ದೊರೆ.

ಅಲ್ಲಿ ಒಂದು ಚರ್ಚಿನಲ್ಲಿ ಆಂದ್ರೆಯ ವೆಂದ್ರಮಿನ್ ಎಂಬ ಡೋಜನ ಸಮಾಧಿ ಇದೆ. ಎಲ್ಲರೂ ಹೊಗಳುತ್ತಿದ್ದ ಕೆಲಸ. ಮೇಲೆ ಮಲಗಿರುವ ಡೋಜನ ಮೂರ್ತಿ. ಕೆಳಗೆ ನಿಂತವರಿಗೆ ಒಂದು ಪಕ್ಕ ಮಾತ್ರ ಕಾಣುತ್ತದೆ. ಕೆತ್ತಿದ ಕೈಯೂ ಒಂದೇ ಕಾಣುತ್ತದೆ. ಇನ್ನೊಂದು ಕೈ ಹೇಗಿದೆ ಅಂತ ರಸ್ಕಿನ್‌ಗೆ ಕುತೂಹಲ. ಏಣಿ ಹಾಕಿಸಿ ಮೇಲೆ ಹತ್ತಿದ. ನೋಡಿದರೆ ಇನ್ನೊಂದು ಕೈಯೇ ಇಲ್ಲ. ಮುಖದ ಸುಕ್ಕುಗಳು ಅರ್ಧಕ್ಕೆ ನಿಂತಿವೆ. ಕಾಣದ ಬದಿಯನ್ನು ಶಿಲ್ಪಿ ಹಾಗೇ ಬಿಟ್ಟಿದ್ದ. ರಸ್ಕಿನ್ ಉರಿದುಬಿದ್ದ. ಆ ಶಿಲ್ಪಿ ಮುಂದೆ ಫೋರ್ಜರಿ ಮಾಡಿ ಊರಿನಿಂದ ಗಡಿಪಾರಾದವನು ಅಂತ ದಾಖಲೆಯನ್ನೂ ಹುಡುಕಿ ತೆಗೆದ. ಕೆಲಸದಲ್ಲಿ ಸುಳ್ಳು, ಬದುಕಿನಲ್ಲೂ ಸುಳ್ಳು, ಊರಿನ ಅವನತಿ ಇಲ್ಲೇ ಶುರು ಅಂತ ತೀರ್ಪು ಕೊಟ್ಟ.

ಈ ಓಡಾಟದ ಫಲ 'ದಿ ಸ್ಟೋನ್ಸ್ ಆಫ್ ವೆನಿಸ್', 1851ರಿಂದ 53ರವರೆಗೆ ಮೂರು ಸಂಪುಟ. ಎರಡನೆಯದರಲ್ಲಿ ಗಾಥಿಕ್, ಅಂದರೆ ಯುರೋಪಿನ ಮಧ್ಯಯುಗದ ಚರ್ಚುಗಳ ಶೈಲಿಯ ಸ್ವಭಾವದ ಮೇಲೆ ಒಂದು ಅಧ್ಯಾಯ ಇದೆ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿದೆ. ಗ್ರೀಕ್ ಮಾದರಿಯ ಕಟ್ಟಡದಲ್ಲಿ ಎಲ್ಲ ಕಂಬವೂ ಒಂದೇ ಥರ. ಕೊಟ್ಟ ನಕಾಶೆಯನ್ನು ಕೂಲಿಯವನು ಮೀರುವ ಹಾಗಿಲ್ಲ. ಹಳೆಯ ಗಾಥಿಕ್ ಚರ್ಚಿನಲ್ಲಿ ಒಂದು ಎಲೆಯ ಹಾಗೆ ಇನ್ನೊಂದಿಲ್ಲ. ಒರಟು, ಸೊಟ್ಟ, ಕೆಲವು ಕಡೆ ನಗು ಬರಿಸುವ ಮುಖಗಳು. ಆ ಸೊಟ್ಟತನವೇ ಕೆತ್ತಿದವನು ಯೋಚಿಸುತ್ತಿದ್ದ ಅನ್ನುವುದಕ್ಕೆ ಸಾಕ್ಷಿ ಅನ್ನುತ್ತಾನೆ ರಸ್ಕಿನ್. ಮನುಷ್ಯನಿಂದ ನಿಖರತೆ ಬೇಕು ಅಂದರೆ ಅವನನ್ನು ಉಪಕರಣ ಮಾಡಬೇಕಾಗುತ್ತದೆ. ಅವನು ಮನುಷ್ಯನಾಗಿಯೇ ಇರಬೇಕು ಅಂದರೆ ತಪ್ಪುಗಳನ್ನು ಒಪ್ಪಿಕೊಳ್ಳಬೇಕು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂತ ಕೇಳುತ್ತಾನೆ.

ಆಮೇಲೆ ನೇರ ಕಾರ್ಖಾನೆಗೆ ಬರುತ್ತಾನೆ. ಗಾಜಿನ ಮಣಿ ಮಾಡುವುದನ್ನು ವರ್ಣಿಸುತ್ತಾನೆ. ಗಾಜನ್ನು ಕಡ್ಡಿಯಾಗಿ ಎಳೆಯುತ್ತಾರೆ. ದಿನವಿಡೀ ಅದನ್ನು ಚೂರು ಚೂರು ಕತ್ತರಿಸುವವರ ಕೈ ನಡುಗುತ್ತಲೇ ಇರುತ್ತದೆ. ಮಣಿಗಳು ಆಲಿಕಲ್ಲಿನ ಹಾಗೆ ಉದುರುತ್ತವೆ. ಇಂಥ ಮಣಿ ಕೊಳ್ಳುವ ಹುಡುಗಿ ಗುಲಾಮರ ವ್ಯಾಪಾರದಲ್ಲಿ ಪಾಲು ತಗೊಂಡ ಹಾಗೆ ಅನ್ನುತ್ತಾನೆ. ಕೆಲಸ ಹಂಚಿದೆವು ಅಂತ ಬೀಗುತ್ತೇವೆ, ಹಂಚಿಹೋದದ್ದು ಕೆಲಸವಲ್ಲ, ಮನುಷ್ಯ ಅನ್ನುತ್ತಾನೆ.

ಇದು 1853. ಕೂಲಿಯ ಬಗ್ಗೆ ಅವನ ಲೇಖನಗಳು ಬರುವುದಕ್ಕೆ ಏಳು ವರ್ಷ ಮೊದಲು. ದಾರಿ ತಪ್ಪಿ ಹೋದವನಲ್ಲ, ಅದೇ ದಾರಿಯಲ್ಲಿ ಮುಂದೆ ಹೋದ.

ಉಳಿ ಸುತ್ತಿಗೆ
ನಮಸ್ಕಾರ. ಕೋಲಾರದ ಕಡೆಯವನು, ಮೂರು ತಲೆಮಾರಿನಿಂದ ಕಲ್ಲಿನ ಕೆಲಸ. ಇಲ್ಲಿ ಓದುತ್ತೇನೆ, ಬರೆಯುವುದು ಕಡಿಮೆ.

ಮೇಡಂ, ಏಣಿ ಹತ್ತಿದ ಕಥೆ ಚೆನ್ನಾಗಿದೆ. ಆದರೆ ಗೋಡೆಗೆ ಒರಗುವ ಮೂರ್ತಿಯ ಬೆನ್ನನ್ನು ನಾವೂ ಒರಟಾಗಿಯೇ ಬಿಡುತ್ತೇವೆ. ಅದು ಸುಳ್ಳಲ್ಲ, ಲೆಕ್ಕ. ಒಂದು ಬೆನ್ನಿಗೆ ಹತ್ತು ದಿನ ಹಾಕಿದರೆ ಆ ಹತ್ತು ದಿನದ ಕೂಲಿ ಯಾರು ಕೊಡುತ್ತಾರೆ? ಪುಣ್ಯಾತ್ಮ ಏಣಿ ಹತ್ತಿದ, ಶಿಲ್ಪಿಗೆ ಎಷ್ಟು ಕೊಟ್ಟಿದ್ದರು ಅಂತ ಕೇಳಲಿಲ್ಲವಾ?

ಗಾರೆಗೌರಿ
ಅಣ್ಣಾ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ! ಗೋಪುರದ ಮೇಲಿನ ಕೆಲಸ ಒರಟಾಗಿದ್ದರೆ ತಪ್ಪಿಲ್ಲ, ದೂರಕ್ಕೆ ತಕ್ಕ ಹಾಗೆ ಕೆತ್ತುವುದೇ ಜಾಣ್ಮೆ ಅಂತ ಅವನೇ ಇನ್ನೊಂದು ಪುಸ್ತಕದಲ್ಲಿ ಒಪ್ಪಿದ್ದಾನೆ. ಆದರೆ ಮೂರ್ತಿಯ ಬೆನ್ನಿನ ವಿಷಯದಲ್ಲಿ ಹಟಮಾರಿ. ಕಾಣದಿದ್ದರೂ ಮುಗಿಸಬೇಕು ಅನ್ನುತ್ತಾನೆ. ಅಪ್ಪನ ದುಡ್ಡಿನಲ್ಲಿ ಏಣಿ ಹತ್ತಿದವನು ಅನ್ನುವುದು ಇಂಥ ಕಡೆ ಗೊತ್ತಾಗುತ್ತದೆ.

ನಿವೃತ್ತ ಮೇಷ್ಟ್ರು, ಧಾರವಾಡ
ಉಳಿ ಸುತ್ತಿಗೆ ತಮ್ಮಾ, ನೀ ಕೇಳಿದ್ದು ಸರಿಯಾದ ಪ್ರಶ್ನೆ. ಅದನ್ನೇ ರಸ್ಕಿನ್ 1860ರಲ್ಲಿ ಕೇಳಿಕೊಂಡ ಅಂತ ಇಟ್ಟುಕೊಳ್ಳಿ.

ನಾನು ಮೂವತ್ತು ವರ್ಷ ಅರ್ಥಶಾಸ್ತ್ರ ಕಲಿಸಿದವನು. ಸಿಲಬಸ್ಸಿನಲ್ಲಿ ರಸ್ಕಿನ್ ಇರಲಿಲ್ಲ, ಇರುವುದೂ ಇಲ್ಲ. 'ಅನ್‌ಟು ದಿಸ್ ಲಾಸ್ಟ್' ಅನ್ನುವುದು ನಾಲ್ಕು ಲೇಖನ. 'ಕಾರ್ನ್‌ಹಿಲ್' ಎಂಬ ಮಾಸಪತ್ರಿಕೆಯಲ್ಲಿ ಬರುತ್ತಿದ್ದವು. ಸಂಪಾದಕರು ಕಾದಂಬರಿಕಾರ ಥ್ಯಾಕರೆ. ಓದುಗರು ಎಷ್ಟು ಬೈದರು ಅಂದರೆ ನಾಲ್ಕಕ್ಕೆ ನಿಲ್ಲಿಸಬೇಕಾಯಿತು. 1862ರಲ್ಲಿ ಪುಸ್ತಕವಾಯಿತು. ವರ್ಷಗಟ್ಟಲೆ ಸರಿಯಾಗಿ ಮಾರಾಟವಾಗಲಿಲ್ಲ.

ಹೆಸರು ಬೈಬಲ್ಲಿನ ಒಂದು ಕಥೆಯದು. ದ್ರಾಕ್ಷಿ ತೋಟದ ಯಜಮಾನ ಬೆಳಿಗ್ಗೆ ಬಂದ ಆಳಿಗೂ ಸಂಜೆ ಬಂದ ಆಳಿಗೂ ಒಂದೇ ಕೂಲಿ ಕೊಡುತ್ತಾನೆ. 'ಈ ಕೊನೆಯವನಿಗೂ' ಅಂತ ಅರ್ಥ.

ಅದರಲ್ಲಿ ಒಂದು ವಾದ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಡಾಕ್ಟರನ್ನು ನಾವು ಕಡಿಮೆ ಫೀಸಿನವನು ಯಾರು ಅಂತ ನೋಡಿ ಆರಿಸುತ್ತೇವಾ? ಪಾದ್ರಿಯ ಹುದ್ದೆಯನ್ನು ಟೆಂಡರ್ ಕರೆದು ಕಡಿಮೆ ಕೇಳಿದವನಿಗೆ ಕೊಡುತ್ತೇವಾ? ಇಲ್ಲ. ಸಂಬಳ ಗೊತ್ತುಮಾಡಿ, ಒಳ್ಳೆಯವನನ್ನು ಹುಡುಕುತ್ತೇವೆ. ಇಟ್ಟಿಗೆ ಹೊರುವವನ ವಿಷಯದಲ್ಲಿ ಮಾತ್ರ ಯಾಕೆ ಉಲ್ಟಾ? ಕೂಲಿ ಗೊತ್ತುಮಾಡಿ, ಒಳ್ಳೆ ಕೆಲಸಗಾರನನ್ನು ಇಟ್ಟುಕೊಳ್ಳಿ. ಕೆಟ್ಟ ಕೆಲಸಗಾರ ಅರ್ಧ ಕೂಲಿಗೆ ಬಂದು ಒಳ್ಳೆಯವನ ಹೊಟ್ಟೆಗೆ ಹೊಡೆಯುವುದನ್ನು ನಿಲ್ಲಿಸಿ. ಇದು ಅವನ ಮಾತಿನ ಸಾರ.

ಇನ್ನೊಂದು. ಸೈನಿಕನಿಗೆ ನಾವು ಗೌರವ ಕೊಡುವುದು ಕೊಲ್ಲುತ್ತಾನೆ ಅಂತಲ್ಲ, ಹೊತ್ತು ಬಂದಾಗ ಸಾಯುತ್ತಾನೆ ಅಂತ. ಪ್ಲೇಗ್ ಬಂದಾಗ ವೈದ್ಯ ಊರು ಬಿಡಬಾರದು. ವಕೀಲ ಅನ್ಯಾಯಕ್ಕೆ ತಲೆ ಬಾಗಿಸಬಾರದು. ಹಾಗಾದರೆ ವ್ಯಾಪಾರಿ ಯಾವಾಗ ಸಾಯಬೇಕು? ಸಾಯುವ ಹೊತ್ತು ಯಾವುದು ಅಂತ ಗೊತ್ತಿಲ್ಲದವನಿಗೆ ಬದುಕುವುದೂ ಗೊತ್ತಿಲ್ಲ ಅನ್ನುತ್ತಾನೆ. ಶೆರ್ರಿ ವ್ಯಾಪಾರಿಯ ಮಗ ಇದನ್ನು ಬರೆದ ಅನ್ನುವುದನ್ನು ಮರೆಯಬೇಡಿ. ಅಪ್ಪ ಸತ್ತಾಗ ಸಮಾಧಿಯ ಮೇಲೆ ಪೂರ್ತಿ ಪ್ರಾಮಾಣಿಕ ವ್ಯಾಪಾರಿ ಅಂತ ಕೆತ್ತಿಸಿದ.

ಮುಳುಗುವ ಹಡಗಿನ ಕಥೆಯೂ ಅದರಲ್ಲೇ. ಕ್ಯಾಲಿಫೋರ್ನಿಯಾದ ಹಡಗು ಮುಳುಗುವಾಗ ಒಬ್ಬ 200 ಪೌಂಡ್ ತೂಕದ ಚಿನ್ನವನ್ನು ಸೊಂಟಕ್ಕೆ ಕಟ್ಟಿಕೊಂಡ. ಆಮೇಲೆ ಸಮುದ್ರದ ತಳದಲ್ಲಿ ಸಿಕ್ಕ. ಮುಳುಗುವಾಗ ಚಿನ್ನ ಅವನ ಕೈಲಿತ್ತೋ, ಅವನು ಚಿನ್ನದ ಕೈಲಿದ್ದನೋ ಅಂತ ರಸ್ಕಿನ್ ಕೇಳುತ್ತಾನೆ. ಬದುಕಲ್ಲದೆ ಬೇರೆ ಸಂಪತ್ತಿಲ್ಲ ಅನ್ನುವ ಅವನ ಪ್ರಸಿದ್ಧ ಮಾತು ಬರುವುದೂ ಈ ಪುಸ್ತಕದಲ್ಲೇ.

ಅರ್ಥಶಾಸ್ತ್ರವಾಗಿ ಇದರಲ್ಲಿ ತೂತುಗಳಿವೆ. ನಿರುದ್ಯೋಗ ಬಂದರೆ ಏನು ಅಂತ ಅವನು ಹೇಳುವುದು ಸರ್ಕಾರಿ ಕಾರ್ಯಾಗಾರಗಳ ಲೆಕ್ಕ. ಅದು ನನಗೆ ಒಪ್ಪಿಗೆಯಿಲ್ಲ. ಆದರೆ 1906ರಲ್ಲಿ ಬ್ರಿಟನ್ನಿನ ಲೇಬರ್ ಪಕ್ಷದ ಸಂಸದರನ್ನು ನಿಮ್ಮ ಮೇಲೆ ಪ್ರಭಾವ ಬೀರಿದ ಪುಸ್ತಕ ಯಾವುದು ಅಂತ ಒಂದು ಪತ್ರಿಕೆ ಕೇಳಿದಾಗ ಬಹಳ ಜನ ರಸ್ಕಿನ್ ಹೆಸರು ಹೇಳಿದರು.

ಸಾಗರದವ
ಮೇಷ್ಟ್ರೇ, ಅಂದರೆ ಟೈಲ್ಸ್ ಅಂಗಡಿಯವರು ಫ್ರೇಮ್ ಹಾಕಬೇಕಾದದ್ದು ಈ ವ್ಯಾಪಾರಿ ಸಾಯುವ ಮಾತನ್ನು!

ಗಾಂಧೀಜಿ ಕೈಗೆ ಇದು ಹೇಗೆ ಸಿಕ್ಕಿತು?

ನಿವೃತ್ತ ಮೇಷ್ಟ್ರು, ಧಾರವಾಡ
1904. ಜೋಹಾನ್ಸ್‌ಬರ್ಗಿನಿಂದ ಡರ್ಬನ್‌ಗೆ ರೈಲು, 24 ಗಂಟೆ ಪ್ರಯಾಣ. ನಿಲ್ದಾಣಕ್ಕೆ ಬಿಡಲು ಬಂದ ಗೆಳೆಯ ಹೆನ್ರಿ ಪೋಲಕ್ ದಾರಿಯಲ್ಲಿ ಓದಲು ಈ ಪುಸ್ತಕ ಕೊಟ್ಟ. ಇಬ್ಬರ ಪರಿಚಯ ಆಗಿದ್ದೇ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ. ಗಾಂಧೀಜಿ ಕೆಳಗಿಡದೆ ಓದಿದರು. ರಾತ್ರಿ ನಿದ್ದೆ ಬರಲಿಲ್ಲ. ಮೂರು ಪಾಠ ಕಲಿತೆ ಅಂತ ಬರೆದಿದ್ದಾರೆ. ಎಲ್ಲರ ಒಳಿತಿನಲ್ಲಿ ಒಬ್ಬನ ಒಳಿತಿದೆ. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಒಂದೇ ಬೆಲೆ. ಮೈಮುರಿದು ದುಡಿಯುವ ರೈತನ, ಕೈಕಸುಬಿನವನ ಬದುಕೇ ಬದುಕು. ಮೊದಲನೆಯದು ಗೊತ್ತಿತ್ತು, ಎರಡನೆಯದು ಮಸುಕಾಗಿ ಹೊಳೆದಿತ್ತು, ಮೂರನೆಯದು ತಲೆಗೇ ಬಂದಿರಲಿಲ್ಲ ಅನ್ನುತ್ತಾರೆ.

ಡರ್ಬನ್ ಹತ್ತಿರ ಫೀನಿಕ್ಸ್‌ನಲ್ಲಿ ಜಮೀನು ಕೊಂಡು, 'ಇಂಡಿಯನ್ ಒಪೀನಿಯನ್' ಪತ್ರಿಕೆಯ ಅಚ್ಚುಕೂಟವನ್ನೇ ಅಲ್ಲಿಗೆ ಸಾಗಿಸಿದರು. 1908ರಲ್ಲಿ ರಸ್ಕಿನ್ ಪುಸ್ತಕವನ್ನು ಗುಜರಾತಿಗೆ ಸಂಗ್ರಹಿಸಿ ತಂದರು. ಹೆಸರು 'ಸರ್ವೋದಯ'. ನಮ್ಮ ಕಡೆ ಶಾಲೆ, ಸಂಘಗಳ ಬೋರ್ಡಿನ ಮೇಲೆ ಕಾಣುವ ಆ ಪದ ಈ ದಾರಿಯಲ್ಲಿ ಬಂದದ್ದು.

ಒಂದು ಮಾತು. ಸಂಗ್ರಹದಲ್ಲಿ ಗಾಂಧೀಜಿ ತಮಗೆ ಬೇಕಾದ್ದನ್ನು ಆರಿಸಿಕೊಂಡರು. ರಸ್ಕಿನ್ ಸಮಾನತೆಯವನಲ್ಲ. ದೊಡ್ಡವರು ದೊಡ್ಡವರಾಗಿ, ಚಿಕ್ಕವರು ಚಿಕ್ಕವರಾಗಿ ಇರಬೇಕು, ದೊಡ್ಡವರು ಚಿಕ್ಕವರನ್ನು ತಂದೆಯ ಹಾಗೆ ನೋಡಿಕೊಳ್ಳಬೇಕು ಅನ್ನುವವನು.

ನೇರಳೆ
ಮೇಷ್ಟ್ರು ಹೇಳಿದ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಎಲ್ಲರೂ ಸರ್ವೋದಯ ಅಂತ ಆರತಿ ಎತ್ತುತ್ತಿದ್ದೀರಿ. ಇದೇ ಮನುಷ್ಯ 1858ರ ಜನವರಿಯಲ್ಲಿ, ಅಂದರೆ ಸಿಪಾಯಿ ದಂಗೆ ಎದ್ದ ಮರುವರ್ಷ, ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್‌ನಲ್ಲಿ ನಿಂತು ನಮ್ಮ ಕಲೆಯ ಬಗ್ಗೆ ಏನಂದ ಗೊತ್ತಾ? ಭಾರತದವರಿಗೆ ಬಣ್ಣ, ಗೆರೆಯ ಸೂಕ್ಷ್ಮ ಚೆನ್ನಾಗಿ ಗೊತ್ತು, ಆದರೆ ಅವರು ಇರುವುದನ್ನು ಬರೆಯುವುದಿಲ್ಲ. ಮನುಷ್ಯನನ್ನು ಬರೆಯುವುದಿಲ್ಲ, ಎಂಟು ಕೈಯ ರಾಕ್ಷಸನನ್ನು ಬರೆಯುತ್ತಾರೆ. ಹೂವು ಬರೆಯುವುದಿಲ್ಲ, ಸುರುಳಿ ಬರೆಯುತ್ತಾರೆ. ಪ್ರಕೃತಿಗೆ ಬೆನ್ನು ಹಾಕಿದವರು ಕ್ರೂರಿಗಳಾಗುತ್ತಾರೆ ಅಂತ. ಅತ್ತ ಕಡೆ ಕಲೆಯೇ ಇಲ್ಲದ ಸ್ಕಾಟ್‌ಲೆಂಡಿನ ಗುಡ್ಡಗಾಡಿನವರು ಧರ್ಮಿಷ್ಠರು.

ಭಾರತಕ್ಕೆ ಬಂದವನಾ? ಇಲ್ಲ. ಆಕ್ಸ್‌ಫರ್ಡಿನಲ್ಲಿ ಓದುವಾಗ 1839ರಲ್ಲಿ ಸಾಲ್ಸೆಟ್, ಎಲಿಫೆಂಟಾ ಗುಹೆಗಳ ಮೇಲೆ ಕವನ ಬರೆದು ಬಹುಮಾನ ಗೆದ್ದ. ಗುಹೆಯ ಮುಖ ನೋಡಿರಲಿಲ್ಲ. ನೋಡದೆ ಬರೆಯಬೇಡಿ ಅಂತ ಲೋಕಕ್ಕೆಲ್ಲ ಹೇಳಿದವನು ಇವನೇ!

1865ರಲ್ಲಿ ಜಮೈಕಾದ ಗವರ್ನರ್ ಐರ್ ಕಪ್ಪು ಜನರ ದಂಗೆಯನ್ನು ರಕ್ತ ಹರಿಸಿ ಅಡಗಿಸಿದಾಗ ರಸ್ಕಿನ್ ನಿಂತದ್ದು ಗವರ್ನರ್ ಪರ. 1870ರಲ್ಲಿ ಆಕ್ಸ್‌ಫರ್ಡಿನ ಮೊದಲ ಉಪನ್ಯಾಸದಲ್ಲಿ ವಸಾಹತು ಕಟ್ಟಲು ಹುಡುಗರಿಗೆ ಕರೆ ಕೊಟ್ಟ. ಹೆಂಗಸರಿಗೆ ಮನೆಯೇ ರಾಜ್ಯ, ನೀವೇ ರಾಣಿಯರು ಅಂತ ಪುಸಲಾಯಿಸಿದ ಉಪನ್ಯಾಸ ಬೇರೆ ಇದೆ. ಸ್ತ್ರೀವಾದಿ ಲೇಖಕಿ ಕೇಟ್ ಮಿಲೆಟ್ 1970ರಲ್ಲಿ ಅದನ್ನು ಚೆನ್ನಾಗಿ ಜಾಲಾಡಿದ್ದಾಳೆ.

ಉಪ್ಪಿಟ್ಟು ವಿರೋಧಿ
ಎಂಟು ಕೈ ಇದ್ದಿದ್ದರೆ 39 ಸಂಪುಟ ಬೇಗ ಮುಗಿಯುತ್ತಿತ್ತು.

ಉಳಿ ಸುತ್ತಿಗೆ
ನೇರಳೆ ಅವರೇ, ನಿಮ್ಮ ಸಿಟ್ಟು ಸರಿ. ಆದರೆ ಮೇಡಂ ಬರೆದ ಗಾಥಿಕ್ ಮಾತು ಓದುವಾಗ ನನಗೆ ಬೇಲೂರೇ ಕಣ್ಣ ಮುಂದೆ ಬಂತು. ಮದನಿಕೆಯ ಪೀಠದಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಹೆಸರು ಹಾಕಿಕೊಂಡಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಎಷ್ಟು ಕಡೆ ಇದೆ! ಒಂದು ಬಳ್ಳಿಯ ಹಾಗೆ ಇನ್ನೊಂದಿಲ್ಲ. ಅವನು ಹುಡುಕುತ್ತಿದ್ದದ್ದು ಇಲ್ಲಿಯೂ ಇತ್ತು. ಏಣಿ ಹಾಕಲು ಬರಲಿಲ್ಲ ಅಷ್ಟೇ.

ಈಗ ನಮ್ಮ ಕಡೆ ಮೆಷಿನ್ ಬಂದಿದೆ. ಕಂಪ್ಯೂಟರಿನಲ್ಲಿ ಚಿತ್ರ ಹಾಕಿದರೆ ಕಲ್ಲನ್ನು ಅದೇ ಕೊರೆಯುತ್ತದೆ. ನೂರು ಕಂಬ ಕೊರೆದರೂ ಕೂದಲೆಳೆ ವ್ಯತ್ಯಾಸ ಇಲ್ಲ. ನನ್ನ ತಮ್ಮ ಅದರ ಮುಂದೆ ನಿಂತು ನೀರು ಬಿಡುತ್ತಾನೆ. ಗಾಜಿನ ಮಣಿ ವಿಷಯ ಓದಿದಾಗ ಅವನ ನೆನಪಾಯಿತು. ಆದರೆ ತಿಂಗಳ ಸಂಬಳ ಬರುತ್ತದೆ, ದೂಳು ಕಡಿಮೆ. ಅಪ್ಪನ ಎದೆ ಹಾಳಾದದ್ದು ಉಳಿ ಹಿಡಿದೇ. ಅದನ್ನೂ ಹೇಳಬೇಕಲ್ವಾ.

ಗಾರೆಗೌರಿ
ಹೇಳಬೇಕು ಅಣ್ಣಾ. ರಸ್ಕಿನ್ ದೂಳಿನ ಬಗ್ಗೆ ಬರೆದದ್ದು ಆಕಾಶದ ದೂಳು. 1884ರಲ್ಲಿ ಕಾರ್ಖಾನೆ ಹೊಗೆಯಿಂದ ಮೋಡದ ಬಣ್ಣವೇ ಬದಲಾಗಿದೆ ಅಂತ ಎರಡು ಉಪನ್ಯಾಸ ಕೊಟ್ಟ. ದಶಕಗಳಿಂದ ಬರೆದಿಟ್ಟ ಹವಾಮಾನದ ಡೈರಿಯೇ ಆಧಾರ. ಜನ ಹುಚ್ಚ ಅಂದರು. ಕಲ್ಲುಕುಟಿಕನ ಎದೆಯ ದೂಳು ಅವನ ಕಣ್ಣಿಗೆ ಬಿದ್ದದ್ದು ನಾನು ಓದಿಲ್ಲ.

ನೇರಳೆ, ನೀವು ಬರೆದದ್ದೆಲ್ಲ ನಿಜ. ಆದರೆ ಅವನ ಶಿಷ್ಯರು ಅವನ ಮಾತನ್ನು ಅವನ ವಿರುದ್ಧವೇ ಬಳಸಿದರು ಅನ್ನುವುದನ್ನೂ ಸೇರಿಸಿ. ವಿಲಿಯಂ ಮಾರಿಸ್ ಆ ಗಾಥಿಕ್ ಅಧ್ಯಾಯವನ್ನು 1892ರಲ್ಲಿ ತನ್ನ ಕೆಲ್ಮ್‌ಸ್ಕಾಟ್ ಮುದ್ರಣಾಲಯದಲ್ಲಿ ಅಚ್ಚು ಹಾಕಿದ. ಆ ಹೊತ್ತಿಗೆ ಮಾರಿಸ್ ಸಮಾಜವಾದಿ. ಮುಂದೆ ಆನಂದ ಕುಮಾರಸ್ವಾಮಿ ಅದೇ ಮುದ್ರಣಾಲಯದ ಯಂತ್ರದಲ್ಲಿ ಸಿಂಹಳದ ಕುಶಲಕಲೆಗಳ ಮೇಲಿನ ತಮ್ಮ ಪುಸ್ತಕವನ್ನು 1908ರಲ್ಲಿ ಹೊರತಂದರು. ಎಂಟು ಕೈಗೆ ಅರ್ಥ ಇದೆ ಅಂತ ಪಶ್ಚಿಮಕ್ಕೆ ತಿಳಿಹೇಳಿದವರಲ್ಲಿ ಅವರೇ ಮುಖ್ಯರು. ರಸ್ಕಿನ್ ಓದಿಯೇ ಬೆಳೆದವರು.

ನನ್ನ ಹೊಟ್ಟೆಪಾಡೂ ಅವನ ಹಂಗಿನಲ್ಲಿದೆ. ನಾನು ಮಾಡುವುದು ಹಳೆಯ ಕಟ್ಟಡಗಳ ಸಂರಕ್ಷಣೆ. 1849ರಲ್ಲಿ 'ವಾಸ್ತುಶಿಲ್ಪದ ಏಳು ದೀಪಗಳು' ಅಂತ ಬರೆದ. ತ್ಯಾಗ, ಸತ್ಯ, ಶಕ್ತಿ, ಚೆಲುವು, ಜೀವ, ನೆನಪು, ವಿಧೇಯತೆ. ನೆನಪಿನ ದೀಪದಲ್ಲಿ ಜೀರ್ಣೋದ್ಧಾರ ಅನ್ನುವುದೇ ದೊಡ್ಡ ಸುಳ್ಳು ಅನ್ನುತ್ತಾನೆ. ಕಟ್ಟಡವನ್ನು ಮೊದಲಿನ ಹಾಗೆ ಮಾಡುತ್ತೇವೆ ಅಂತ ಹಳೆಯ ಮೇಲ್ಮೈ ಕೆರೆದು ಹೊಸದು ಕೂರಿಸುವುದು ಸತ್ತವರನ್ನು ಎಬ್ಬಿಸಲು ಹೊರಟ ಹಾಗೆ. ಮೊದಲೇ ಕಾಳಜಿ ವಹಿಸಿ, ಮಾಡಿಗೆ ಹೊತ್ತಿಗೆ ಸರಿಯಾಗಿ ಸೀಸದ ತಗಡು ಹಾಕಿ, ನೀರು ಹೋಗುವ ದೋಣಿಯಲ್ಲಿ ಎಲೆ ಕಟ್ಟದ ಹಾಗೆ ನೋಡಿಕೊಳ್ಳಿ, ಆಗ ಜೀರ್ಣೋದ್ಧಾರವೇ ಬೇಕಾಗುವುದಿಲ್ಲ. ಮಾರಿಸ್ 1877ರಲ್ಲಿ ಇದಕ್ಕಾಗಿಯೇ ಒಂದು ಸಂಘ ಕಟ್ಟಿದ. ನಮ್ಮ ಪುರಾತತ್ವ ಇಲಾಖೆಗೆ ಜಾನ್ ಮಾರ್ಷಲ್ 1923ರಲ್ಲಿ ಬರೆದುಕೊಟ್ಟ ಕೈಪಿಡಿಯಲ್ಲೂ ಇದೇ ಧ್ವನಿ: ಅಂದವಾದ ಹೊಸದಕ್ಕಿಂತ ಒಡೆದ ಹಳೆಯದೇ ಮೇಲು. ಹಳೆಯ ಗುಡಿಗಳಲ್ಲಿ ಕೆತ್ತನೆಯ ಕಂಬಗಳ ನಡುವೆ ಒಂದು ಬೋಳು ಕಂಬ ಆಸರೆಗೆ ನಿಂತಿರುತ್ತದಲ್ಲ, ಅದು ಸೋಮಾರಿತನ ಅಲ್ಲ. ಹೊಸದನ್ನು ಹಳೆಯದು ಅಂತ ನಂಬಿಸಬಾರದು ಅನ್ನುವ ನಿಯಮ.

ಪೂಜೆ ನಡೆಯುವ ಗುಡಿಯಲ್ಲಿ ಈ ನಿಯಮ ಹೇಳಿದರೆ ಊರಿನವರು ನನ್ನನ್ನು ಓಡಿಸುತ್ತಾರೆ. ಭಿನ್ನವಾದ ಮೂರ್ತಿಗೆ ಪೂಜೆ ಇಲ್ಲ ಅನ್ನುತ್ತಾರೆ. ಅವರದೂ ಸರಿ. ಅಲ್ಲಿ ನಾನು ರಸ್ಕಿನ್‌ನನ್ನು ಚಪ್ಪಲಿ ಜೊತೆ ಹೊರಗೆ ಬಿಟ್ಟು ಹೋಗುತ್ತೇನೆ.

ಚಹಾ ಚಟ
ಹೆಂಡತಿ ವಿಷಯ ಯಾರೂ ಎತ್ತಲಿಲ್ಲ. ಮದುವೆ ಮುರಿದುಬಿದ್ದ ಕಥೆ ಸಿನಿಮಾ ಥರ ಇದೆ ಅಂತ ಕೇಳಿದ್ದೆ.

ಲ್ಯಾಂಕಾಸ್ಟರ್ ಕನ್ನಡಿಗ
ಚಿಕ್ಕದಾಗಿ ಹೇಳುತ್ತೇನೆ. 1848ರಲ್ಲಿ ಮದುವೆ. ಆರು ವರ್ಷ ಆದರೂ ಗಂಡ ಹೆಂಡತಿಯಾಗಿ ಬಾಳಲಿಲ್ಲ. 1854ರಲ್ಲಿ ಮದುವೆ ರದ್ದಾಯಿತು. ಮರುವರ್ಷ ಎಫಿ ಚಿತ್ರಕಾರ ಮಿಲೆಯನ್ನು ಮದುವೆಯಾದಳು, ಎಂಟು ಮಕ್ಕಳಾದವು. ಮದುವೆ ಮುರಿಯುವ ಹೊತ್ತಿನಲ್ಲಿ ಮಿಲೆ ರಸ್ಕಿನ್‌ನದೇ ಭಾವಚಿತ್ರ ಬರೆಯುತ್ತಿದ್ದ! ಸ್ಕಾಟ್‌ಲೆಂಡಿನ ಒಂದು ಝರಿಯ ಪಕ್ಕ ಬಂಡೆ ಮೇಲೆ ರಸ್ಕಿನ್ ನಿಂತ ಚಿತ್ರ. ಮದುವೆ ರದ್ದಾದ ಮೇಲೂ ಅದನ್ನು ಬರೆದು ಮುಗಿಸಿದ. ಇಬ್ಬರಿಗೂ ಅದೆಷ್ಟು ಕಷ್ಟವಾಗಿರಬೇಡ.

ಇದರ ಕಾಗದಗಳನ್ನೆಲ್ಲ ಹುಡುಕಿ ಪುಸ್ತಕ ಮಾಡಿದವಳು ಮೇರಿ ಲುಟಿಯೆನ್ಸ್. ಹೊಸದಿಲ್ಲಿ ಕಟ್ಟಿದ ಲುಟಿಯೆನ್ಸ್ ಮಗಳು, ಜಿಡ್ಡು ಕೃಷ್ಣಮೂರ್ತಿಯವರ ಜೀವನಚರಿತ್ರೆ ಬರೆದವಳೂ ಅವಳೇ.

ನೇರಳೆ
ರೋಸ್ ಲಾ ಟೂಶ್ ಬಗ್ಗೆಯೂ ಹೇಳಿ. ಅವಳಿಗೆ ಹತ್ತು ವರ್ಷ ಇದ್ದಾಗ ಇವನು ಚಿತ್ರಕಲೆ ಹೇಳಿಕೊಡಲು ಹೋದವನು. ಅವಳಿಗೆ 18 ಆದಾಗ ಮದುವೆಗೆ ಕೇಳಿದ. ಇವನಿಗಾಗ 47ರ ಹತ್ತಿರ. ಅವಳು 1875ರಲ್ಲಿ, 27ಕ್ಕೇ ಸತ್ತಳು. ಇವನು 1878ರ ಹೊತ್ತಿಗೆ ಬುದ್ಧಿ ಸ್ಥಿಮಿತ ಕಳೆದುಕೊಂಡ. ಓದುವಾಗ ನನಗೆ ಮುಜುಗರವಾಗುತ್ತದೆ. ಇದನ್ನು ಪ್ರೇಮಕಥೆ ಅಂತ ಬರೆಯುವವರ ಮೇಲೆ ಇನ್ನೂ ಸಿಟ್ಟು ಬರುತ್ತದೆ.

ಉಳಿ ಸುತ್ತಿಗೆ
ಕೋರ್ಟ್ ಕೇಸ್ ಒಂದು ಇತ್ತಲ್ಲ? ಚಿತ್ರಕಾರನ ಜೊತೆ.

ಲ್ಯಾಂಕಾಸ್ಟರ್ ಕನ್ನಡಿಗ
ಹೌದು, ವಿಸ್ಲರ್. 1877ರಲ್ಲಿ ರಾತ್ರಿಯ ಪಟಾಕಿಯ ಒಂದು ಚಿತ್ರಕ್ಕೆ 200 ಗಿನಿ ಬೆಲೆ ಇಟ್ಟಿದ್ದ. ಜನರ ಮುಖಕ್ಕೆ ಬಣ್ಣದ ಡಬ್ಬಿ ಎಸೆಯಲು 200 ಗಿನಿಯಾ ಅಂತ ರಸ್ಕಿನ್ ಬರೆದ. ವಿಸ್ಲರ್ ಮಾನನಷ್ಟದ ಕೇಸು ಹಾಕಿದ. ಕಾಯಿಲೆಯಿಂದ ರಸ್ಕಿನ್ ಕೋರ್ಟಿಗೆ ಹೋಗಲಿಲ್ಲ. ಎರಡು ದಿನದ ಕೆಲಸಕ್ಕೆ 200 ಗಿನಿ ಕೇಳುತ್ತೀರಾ ಅಂತ ವಕೀಲ ಕೇಳಿದ. ಇಲ್ಲ, ಒಂದು ಜೀವಮಾನದ ತಿಳಿವಳಿಕೆಗೆ ಕೇಳುತ್ತೇನೆ ಅಂದ ವಿಸ್ಲರ್. 1878ರಲ್ಲಿ ವಿಸ್ಲರ್ ಗೆದ್ದ, ಪರಿಹಾರ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಖರ್ಚಿಗೆ ದಿವಾಳಿಯೆದ್ದ. ರಸ್ಕಿನ್ ಆಕ್ಸ್‌ಫರ್ಡಿನ ಹುದ್ದೆ ಬಿಟ್ಟ.

ಉಳಿ ಸುತ್ತಿಗೆ
ನಮ್ಮ ಗಿರಾಕಿಗಳು ಕೇಳುವುದೂ ಇದನ್ನೇ. 'ಎಷ್ಟು ದಿನದ ಕೆಲಸ?' ಈ ಕೇಸಿನಲ್ಲಿ ನಾನು ವಿಸ್ಲರ್ ಕಡೆ. ಕೂಲಿಯವನ ಪರ ಅಷ್ಟು ಬರೆದವನು ಇಲ್ಲಿ ಗಿರಾಕಿ ಥರ ಮಾತಾಡಿದ.

ನಿವೃತ್ತ ಮೇಷ್ಟ್ರು, ಧಾರವಾಡ
ಶಭಾಷ್. ಮೂವತ್ತು ವರ್ಷದಲ್ಲಿ ನನಗಿದು ಹೊಳೆದಿರಲಿಲ್ಲ.

ಅವನ ಪರವಾಗಿ ಇಷ್ಟು ಹೇಳುತ್ತೇನೆ. ಬರೆದು ಸುಮ್ಮನೆ ಕೂರಲಿಲ್ಲ. ಅಪ್ಪನಿಂದ ಬಂದ ಲಕ್ಷ ಪೌಂಡಿಗಿಂತ ಜಾಸ್ತಿ ಆಸ್ತಿಯನ್ನು ಖಾಲಿ ಮಾಡಿದ. 1865ರಲ್ಲಿ ಆಕ್ಟೇವಿಯಾ ಹಿಲ್ ಅನ್ನುವ ಹೆಣ್ಣುಮಗಳಿಗೆ ಲಂಡನ್ನಿನ ಕೊಳೆಗೇರಿಯಲ್ಲಿ ಮನೆ ಕೊಂಡುಕೊಟ್ಟ. ಬಡವರಿಗೆ ನ್ಯಾಯದ ಬಾಡಿಗೆಗೆ ಒಳ್ಳೆ ಮನೆ ಕೊಡುವ ಕೆಲಸ ಅಲ್ಲಿಂದ ಶುರು. ಆಕೆಯೇ ಮುಂದೆ 1895ರಲ್ಲಿ ಬ್ರಿಟನ್ನಿನ ಹಳೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಕಟ್ಟಿದವರಲ್ಲಿ ಒಬ್ಬಳು. ಶೆಫೀಲ್ಡಿನ ಕಬ್ಬಿಣದ ಕೆಲಸಗಾರರಿಗೆ ಅಂತ ಒಂದು ಗುಡ್ಡದ ಮೇಲೆ ವಸ್ತುಸಂಗ್ರಹಾಲಯ ತೆರೆದ. ಆಕ್ಸ್‌ಫರ್ಡಿನ ಹುಡುಗರ ಕೈಗೆ ಸಲಿಕೆ ಕೊಟ್ಟು 1874ರಲ್ಲಿ ಹಿಂಕ್ಸಿ ಅನ್ನುವ ಹಳ್ಳಿಗೆ ರಸ್ತೆ ಮಾಡಿಸಿದ. ಅದರಲ್ಲಿ ಆಸ್ಕರ್ ವೈಲ್ಡ್ ಕೂಡ ಇದ್ದ. ರಸ್ತೆ ಮಾತ್ರ ಬಹಳ ಕೆಟ್ಟದಾಗಿತ್ತಂತೆ.

ಉಪ್ಪಿಟ್ಟು ವಿರೋಧಿ
ಕಾಂಟ್ರಾಕ್ಟರ್ ಯಾರೇ ಆಗಲಿ, ರಸ್ತೆ ಒಂದೇ.

ಸಾಗರದವ
ನಾನು ಒಂದು ಪ್ರಶ್ನೆ ಹಾಕಿದೆ, ಇಲ್ಲಿ ಒಂದು ಜಾತ್ರೆಯೇ ಆಗಿದೆ. ಎಲ್ಲರಿಗೂ ಥ್ಯಾಂಕ್ಸ್. ಎಲ್ಲಿಂದ ಓದಲು ಶುರು ಮಾಡಲಿ? 39 ಸಂಪುಟ ಅಂದರೆ ಗೃಹಪ್ರವೇಶ ಮುಂದೆ ಹೋಗುತ್ತದೆ.

ಗಾರೆಗೌರಿ
ಓದಬೇಡಿ. ಗೆರೆ ಎಳೆಯಿರಿ. 1854ರಿಂದ ಅವನು ಲಂಡನ್ನಿನ ಕೆಲಸಗಾರರ ಕಾಲೇಜಿನಲ್ಲಿ ಚಿತ್ರ ಬರೆಯಲು ಕಲಿಸುತ್ತಿದ್ದ. ಆ ಪಾಠಗಳು 1857ರಲ್ಲಿ ಪುಸ್ತಕವಾದವು. ಮೊದಲ ಅಭ್ಯಾಸ ಏನು ಗೊತ್ತಾ? ಒಂದು ಚಿಕ್ಕ ಚೌಕ ಹಾಕಿ. ಚೂಪಾದ ಪೆನ್ನಿನಲ್ಲಿ ಅಡ್ಡ ಗೆರೆ, ಅದರ ಮೇಲೆ ಓರೆ ಗೆರೆ ಎಳೆಯುತ್ತಾ ಇಡೀ ಚೌಕ ಒಂದೇ ಸಮನಾದ ಬೂದುಬಣ್ಣ ಆಗಬೇಕು. ಎಲ್ಲೂ ಕಪ್ಪಾಗಬಾರದು, ಎಲ್ಲೂ ಬಿಳಿ ಉಳಿಯಬಾರದು. ಅವಸರ ಮಾಡಬಾರದು.

ಸಾಗರದವ
(ಮೂರು ದಿನದ ನಂತರ) ನಾಲ್ಕು ಚೌಕ ಹಾಳಾದವು. ಮೂಲೆಗೆ ಬಂದಾಗ ಕೈ ಓಡುತ್ತದೆ, ಅಲ್ಲಿ ಕಪ್ಪಾಗುತ್ತದೆ. ಐದನೆಯದನ್ನು ನೋಡಿ ಮಗಳು ಚಾಪೆ ಬರೆದಿದ್ದೀಯಾ ಅಪ್ಪ ಅಂದಳು.

ಟೈಲ್ಸ್ ಹಾಕುವ ಮೇಸ್ತ್ರಿ ನಿನ್ನೆ ಮೂಲೆಯ ತುಂಡು ಕತ್ತರಿಸುವುದನ್ನು ಅರ್ಧ ಗಂಟೆ ನೋಡಿದೆ. ಕೂಲಿ ಜಾಸ್ತಿ ಮಾಡಿ ಸರ್ ಅಂದ. ಐವತ್ತು ರೂಪಾಯಿ ಏರಿಸಿದೆ. ನೂರು ಕೇಳಿದ್ದ.

ಉಳಿ ಸುತ್ತಿಗೆ
ಇನ್ನೂ ಐವತ್ತು ಬಾಕಿ ಅಂತ ಬರೆದಿಟ್ಟುಕೊಳ್ಳಿ.

ಮೇಡಂ, ಚೌಕ ಆದ ಮೇಲೆ ಮುಂದಿನ ಪಾಠ ಏನು?

ಗಾರೆಗೌರಿ
ನಡುವೆ ಇನ್ನೂ ಕೆಲವು ಇವೆ. ಆಮೇಲೆ ಹೊರಗೆ ಹೋಗಿ ಒಂದು ದುಂಡನೆಯ ಕಲ್ಲು ಆರಿಸಿಕೊಂಡು ಬರಬೇಕು. ತೀರಾ ಬಿಳಿ ಬೇಡ, ತೀರಾ ಕಪ್ಪು ಬೇಡ. ಅದನ್ನು ಕಿಟಕಿಯ ಹತ್ತಿರ ಇಟ್ಟು ಬರೆಯಬೇಕು. ಆ ಕಲ್ಲನ್ನು ಸರಿಯಾಗಿ ಬರೆಯಲು ಬಂದರೆ ಏನು ಬೇಕಾದರೂ ಬರೆಯಬಹುದು ಅನ್ನುತ್ತಾನೆ.

ಸಾಗರದವ
ನಮ್ಮ ಸೈಟಿನಲ್ಲಿ ಬರೀ ಜಲ್ಲಿ ಇದೆ. ಒಂದೂ ದುಂಡಗಿಲ್ಲ. ಭಾನುವಾರ ಹೊಳೆಗೆ ಹೋಗುತ್ತೇನೆ.